ಹೆಸರು ಜಾಹೀರಾದ ಬಗೆ: ಡಂಗುರದಿಂದ ಸ್ಟೇಟಸ್‌ವರೆಗೆ

ಕನ್ನಡದಲ್ಲಿ 'ಜಾಹೀರಾತು' ಎಂಬ ಪದ ಎಷ್ಟು ಮನೆಮಾತಾಗಿದೆಯೆಂದರೆ, ಅದರ ತವರು ಯಾವುದೆಂದು ಯಾರೂ ಕೇಳುವುದಿಲ್ಲ. ಅರಬಿಯ 'ಝಾಹಿರ್' ಎಂಬ ಮಾತು ಫಾರಸಿ, ಮರಾಠಿಗಳ ದಾರಿ ಹಿಡಿದು ನಮ್ಮಲ್ಲಿಗೆ ಬಂತು. ಝಾಹಿರ್ ಎಂದರೆ ಹೊರಗೆ ಕಾಣುವಂಥದ್ದು, ಬಯಲಿಗೆ ಬಂದದ್ದು. ಅದರ ಎದುರು ಪದ 'ಬಾತಿನ್', ಒಳಗೆ ಇರುವಂಥದ್ದು. ಉರ್ದು ಶಾಲೆಯಲ್ಲಿ ನಾವು ಕಲಿತ ಪದ ಬೇರೆ: 'ಇಶ್ತಿಹಾರ್'. ಅದೂ ಅರಬಿಯದೇ. ಶೊಹ್ರತ್, ಮಶ್‌ಹೂರ್ ಎಂಬ ಮಾತುಗಳ ಒಡಹುಟ್ಟು. ಹೆಸರುವಾಸಿಯಾಗುವುದು ಎಂದು ಅರ್ಥ. ಬೆಳಿಗ್ಗೆ ಉರ್ದು ಓದಿ ಮಧ್ಯಾಹ್ನ ಕನ್ನಡ ಬರೆಯುತ್ತಿದ್ದ ನಮಗೆ ಈ ಎರಡು ಪದಗಳ ನಡುವಿನ ವ್ಯತ್ಯಾಸ ತಿಳಿಯಲು ಬಹಳ ವರ್ಷ ಬೇಕಾಯಿತು. ಕಾಣಿಸಿಕೊಳ್ಳುವುದು ಒಂದು, ಹೆಸರು ಮಾಡುವುದು ಇನ್ನೊಂದು. ಪುಟ್ಟ ಅಂಗಡಿಯವನಿಗೆ ಎರಡೂ ಬೇಕು. ಕೆಲವೊಮ್ಮೆ ಮೊದಲನೆಯದೇ ಎರಡನೆಯದಕ್ಕೆ ಮುಳುವಾಗುವುದೂ ಉಂಟು.

ಈಗ ಬಂಟ್ವಾಳದಲ್ಲಾಗಲಿ ಬೆಳ್ತಂಗಡಿಯಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ, ಮನೆಯ ಅಡುಗೆ ಕೋಣೆಯಲ್ಲಿ ಕೇಕು ಬೇಯಿಸುವವಳಿಂದ ಹಿಡಿದು ಹಳೆಯ ಬೈಕು ಮಾರುವವನವರೆಗೆ ಎಲ್ಲರ ಅಂಗಡಿಯೂ ಮೊಬೈಲಿನೊಳಗಿದೆ. ಇದು ನಿನ್ನೆ ಮೊನ್ನೆ ಹುಟ್ಟಿದ ಸಂಗತಿಯೆಂದು ಹುಡುಗರು ನಂಬಿದ್ದಾರೆ. ಉಪಕರಣ ನಿನ್ನೆಯದು ನಿಜ. ಆದರೆ ಹುಚ್ಚು ಹಳೆಯದು.

ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬಿನ್ ಯಿಜು ಎಂಬ ಯಹೂದಿ ವರ್ತಕ ಟ್ಯುನೀಶಿಯದ ಕಡೆಯಿಂದ ಬಂದು ಮಂಗಳೂರಿನಲ್ಲಿ ನೆಲೆಸಿದ್ದ. ಸುಮಾರು 1130ರಿಂದ 1149ರವರೆಗೆ ಈ ಕರಾವಳಿ ಅವನ ಮನೆ. ಏಡನ್ನಿನಲ್ಲಿದ್ದ ಅವನ ಗೆಳೆಯ ಮದ್ಮೂನ್ ಬರೆದ ಪತ್ರಗಳು ಕೈರೋದ ಸಿನಗಾಗ್ ಒಂದರ ಹಳೆಯ ಕಾಗದಗಳ ಕೋಣೆಯಲ್ಲಿ ಉಳಿದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿದ್ವಾಂಸರ ಕೈಸೇರಿದವು. ಅಮಿತಾವ ಘೋಷ್ 1992ರಲ್ಲಿ ಆ ಕಥೆಯ ಸುತ್ತ ಒಂದು ಪುಸ್ತಕವನ್ನೇ ಬರೆದರು. ಒಂದು ಪತ್ರದಲ್ಲಿ ಮದ್ಮೂನ್, ಮುಂದಿನ ವರ್ಷ ಏಡನ್ನಿನಲ್ಲಿ ಕರಿಮೆಣಸಿಗೆ, ಕಬ್ಬಿಣಕ್ಕೆ ಒಳ್ಳೆಯ ಬೆಲೆ ಬರಲಿದೆ, ಈ ಮಾತನ್ನು ಅಲ್ಲಿನ ವರ್ತಕರ ಕಿವಿಗೆ ಹಾಕು ಎಂದು ಕೇಳಿಕೊಂಡಿದ್ದಾನೆ. ಆ ವರ್ತಕರಲ್ಲಿ ಹಿಂದೂಗಳಿದ್ದರು. ಹೇಳುತ್ತಿದ್ದವನು, ಕೇಳುತ್ತಿದ್ದವನು ಯಹೂದಿಗಳು. ಬರೆದ ಭಾಷೆ ಅರಬಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, 'ಗ್ರೂಪಿನಲ್ಲಿ ಹಾಕಿಬಿಡು' ಎಂದ ಹಾಗಾಯಿತು. ಹಡಗು ಗಾಳಿ ನೋಡಿ ಹೊರಡಬೇಕಾಗಿದ್ದರಿಂದ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು ಎಂಬುದಷ್ಟೇ ವ್ಯತ್ಯಾಸ. ಸುಮಾರು 1342ರಲ್ಲಿ ಬಂದ ಇಬ್ನ್ ಬತೂತ ಮಂಗಳೂರಿನಲ್ಲಿ ನಾಲ್ಕು ಸಾವಿರ ಮುಸ್ಲಿಮರಿದ್ದರೆಂದು ಬರೆದಿದ್ದಾನೆ. ಬಾರಕೂರು, ಬಸರೂರು ಮೊದಲಾದ ಕಡೆಗಳ ಶಾಸನಗಳಲ್ಲಿ 'ನಕರ'ದ ಜೊತೆಜೊತೆಗೇ 'ಹಂಜಮಾನ' ಎಂಬ ಹೊರನಾಡ ವರ್ತಕರ ಸಂಘದ ಉಲ್ಲೇಖ ಬರುತ್ತದೆ. ಹಂಜಮಾನವೆಂದರೆ ನಮ್ಮ 'ಅಂಜುಮನ್'. ಊರಿನ ನಾಲ್ಕು ಜನ ಒಪ್ಪಿದ ಹೆಸರಿಲ್ಲದವನಿಗೆ ಆ ಕಾಲದಲ್ಲಿ ಸಾಲ ಹುಟ್ಟುತ್ತಿರಲಿಲ್ಲ, ಸರಕೂ ಹುಟ್ಟುತ್ತಿರಲಿಲ್ಲ.

ಮೂಡುಬಿದಿರೆಯ ಜೈನ ವರ್ತಕರು ಇದೇ ಮಾತನ್ನು ಕಲ್ಲಿನಲ್ಲಿ ಹೇಳಿದರು. 1430ರ ಸುಮಾರಿಗೆ ಕಟ್ಟಿದ ಸಾವಿರ ಕಂಬದ ಬಸದಿಯ ಹಿಂದೆ ಅರಸರ ಕೈಯಷ್ಟೇ ಅಲ್ಲ, ಸೆಟ್ಟಿಗಳ ದುಡ್ಡೂ ಇದೆ. ದಾನ ಪುಣ್ಯಕ್ಕಾಗಿ ಕೊಟ್ಟದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಮೆಣಸು, ಅಕ್ಕಿ ಮಾರಿದವನ ಹೆಸರು ಶಾಸನದಲ್ಲಿ ನಿಂತರೆ ಅವನ ಮೊಮ್ಮಕ್ಕಳ ವ್ಯಾಪಾರಕ್ಕೂ ಅದು ಆಸರೆ. ಇದನ್ನು ಕುಚೋದ್ಯವೆಂದು ಯಾರೂ ತಿಳಿಯಬಾರದು. ನಮ್ಮ ಮಸೀದಿಗಳ ಗೋಡೆ ಗಡಿಯಾರದ ಕೆಳಗೂ ಕೊಟ್ಟವರ ಹೆಸರು ಇರುತ್ತದಲ್ಲ!

ಬಂಟ್ವಾಳದ ಕಥೆ ನದಿಯ ಕಥೆ. ರೈಲು, ಲಾರಿಗಳು ಬರುವ ಮೊದಲು ಘಟ್ಟದ ಮೇಲಿನ ಸರಕು ಚಾರ್ಮಾಡಿ ಮುಂತಾದ ದಾರಿಗಳಲ್ಲಿ ಎತ್ತಿನ ಬೆನ್ನೇರಿ, ಗಾಡಿಯೇರಿ ಇಳಿದು ಬಂದು ನೇತ್ರಾವತಿಯ ದಡದಲ್ಲಿ ದೋಣಿ ಹತ್ತುತ್ತಿತ್ತು. ಬ್ರಿಟಿಷರ ಗೆಜೆಟಿಯರ್ ಈ ಊರನ್ನು ಮೈಸೂರು ಸೀಮೆಯ ಕಾಫಿ ಮಂಗಳೂರಿಗೆ ಸಾಗುವ ದಾರಿಯ ಮುಖ್ಯ ಪೇಟೆಯೆಂದು ಗುರುತಿಸಿತ್ತು. ಬಂಟ್ವಾಳ ಪೇಟೆಯಲ್ಲಿ ಕೊಂಕಣಿಗರ ಮಳಿಗೆಗಳು, ಎದುರು ದಡದ ಪಾಣೆಮಂಗಳೂರಿನಲ್ಲಿ ಬ್ಯಾರಿಗಳ, ಕ್ರೈಸ್ತರ, ಇತರರ ವ್ಯಾಪಾರ. ನದಿ ಕೊಟ್ಟದ್ದನ್ನು ನದಿಯೇ ಎರಡು ಸಲ ಕಿತ್ತುಕೊಂಡಿತು. 1923ರ ನೆರೆಯನ್ನು ತುಳುವರು 'ಮಾರಿಬೊಳ್ಳ' ಎಂದೇ ಕರೆದರು. 1974ರ ಜುಲೈ ನೆರೆಯನ್ನು ಕಂಡವರು ಈಗಲೂ ಇದ್ದಾರೆ. ಅಂಗಡಿಯ ಲೆಕ್ಕದ ಪುಸ್ತಕ ನೀರುಪಾಲಾದ ಮೇಲೆ ಸಾಲ ಕೊಟ್ಟವನೂ ಪಡೆದವನೂ ಬಾಯಿಮಾತಿನಲ್ಲಿ ಲೆಕ್ಕ ಒಪ್ಪಿಕೊಂಡ ಕಥೆಗಳನ್ನು ಹಿರಿಯರು ಹೇಳುತ್ತಿದ್ದರು. ಎಲ್ಲರೂ ಒಪ್ಪಿಕೊಂಡರೆಂದು ನಾವು ಹೇಳುವುದಿಲ್ಲ.

ಅಚ್ಚಿನ ಕಥೆಗೆ ಬರೋಣ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯ ತೆರೆಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ' ಹೊರಬಂತು. ಕನ್ನಡದ ಮೊದಲ ಪತ್ರಿಕೆಯೆಂದು ಎಲ್ಲರೂ ಬಲ್ಲರು. ಆದರೆ ನಮ್ಮ ವಿಷಯಕ್ಕೆ ಅದಕ್ಕಿಂತ ದೊಡ್ಡ ಸಂಗತಿ ಅದೇ ಮಿಶನ್ 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ. ಹೆಂಚಿನ ಮೈಮೇಲೆ ಅವರು ಕಾರ್ಖಾನೆಯ ಹೆಸರು, ಊರಿನ ಹೆಸರು ಒತ್ತಿ ಸುಟ್ಟರು. ಮೂರು ವರ್ಷಗಳಲ್ಲೇ, 1868ರಲ್ಲಿ, ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಹೆಂಚಿನ ಕಾರ್ಖಾನೆ ಶುರುವಾಯಿತು. ಅದು ಈ ನಾಡಿನವರೇ ಕಟ್ಟಿದ್ದು. ಹೆಂಚು ಒಡೆದು ಬಿದ್ದರೆ ಯಾರ ಹೆಂಚೆಂದು ಓದಿ ಹೇಳಬಹುದಾಗಿತ್ತು. ಒಳ್ಳೆಯದಾದರೂ ಹೆಸರು, ಕೆಟ್ಟದಾದರೂ ಹೆಸರು. ಇದಕ್ಕಿಂತ ಧೈರ್ಯದ ಜಾಹೀರಾತು ನಮಗೆ ತಿಳಿದಿಲ್ಲ. ಚಿಕ್ಕಂದಿನಲ್ಲಿ ಮಳೆಗಾಲದ ಮೊದಲು ಮಾಡಿಗೆ ಹತ್ತಿ ಹೆಂಚು ಸರಿಪಡಿಸುವಾಗ ನಾವು ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳನ್ನು ಕಲಿತದ್ದು ಪಾಠಿ ಪುಸ್ತಕಕ್ಕಿಂತ ಹೆಚ್ಚಾಗಿ ಆ ಹೆಂಚುಗಳಿಂದಲೇ.

ಬೀಡಿಯ ಮಾತು ಹೀಗಲ್ಲ. ಈ ಮೂರೂ ತಾಲೂಕುಗಳ ಸಾವಿರಾರು ಮನೆಗಳಲ್ಲಿ, ಅದರಲ್ಲೂ ಬ್ಯಾರಿ, ಬಿಲ್ಲವ, ಕುಲಾಲ ಮೊದಲಾದ ಮನೆಗಳಲ್ಲಿ, ಹೆಂಗಸರು ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿದರು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತೂಗಿ ತರಬೇಕು, ಸಂಜೆ ಕಟ್ಟು ಲೆಕ್ಕ ಮಾಡಿ ಒಪ್ಪಿಸಬೇಕು, ಸರಿಯಿಲ್ಲವೆಂದು ತೆಗೆದು ಬಿಸಾಡಿದ್ದಕ್ಕೆ ಬಾಯಿ ಮುಚ್ಚಿಕೊಂಡಿರಬೇಕು. ಗಣೇಶ್ ಬೀಡಿ, ಭಾರತ್ ಬೀಡಿ, ಪ್ರಕಾಶ್ ಬೀಡಿ ಎಂಬ ಹೆಸರುಗಳು ದೇಶದುದ್ದಕ್ಕೂ ಗೋಡೆಗಳ ಮೇಲೆ, ಕ್ಯಾಲೆಂಡರುಗಳ ಮೇಲೆ ಮೆರೆದವು. 2003ರ ಕಾಯ್ದೆ ತಂಬಾಕಿನ ಜಾಹೀರಾತನ್ನು ನಿಷೇಧಿಸುವವರೆಗೂ ಬಸ್‌ಸ್ಟ್ಯಾಂಡಿನ ತಗಡುಗಳಲ್ಲಿ ಅವೇ ಇದ್ದವು. ಕಟ್ಟಿದವಳ ಹೆಸರು ಮಾತ್ರ ಬ್ರಾಂಚಿನ ಪಾಸ್‌ಬುಕ್ಕಿನಾಚೆ ಎಲ್ಲಿಯೂ ಇರಲಿಲ್ಲ. ಈ ಮಾತನ್ನು ಇಲ್ಲಿ ಯಾಕೆ ಎತ್ತಿದೆವೆಂಬುದು ಮುಂದೆ ತಿಳಿಯುತ್ತದೆ.

ನಮ್ಮ ಬಾಲ್ಯದ ಜಾಹೀರಾತು ಜೀಪಿನಲ್ಲಿ ಬರುತ್ತಿತ್ತು. ಟಿಕೆಟಿನ ಡೇರೆ ಮೇಳಗಳ ಯಕ್ಷಗಾನ ಊರಿಗೆ ಬಂದ ದಿನ, ಮೈಕು ಕಟ್ಟಿದ ಕಾರೋ ಜೀಪೋ ಮಾರ್ಗದಲ್ಲಿ ಧೂಳೆಬ್ಬಿಸುತ್ತ ಬಂದು, 'ಬನ್ನಿರಿ, ನೋಡಿರಿ, ಆನಂದಿಸಿರಿ' ಎಂದು ಕೂಗುತ್ತ, ಗುಲಾಬಿ, ಹಳದಿ ಬಣ್ಣದ ತೆಳು ಕಾಗದದ ಕರಪತ್ರಗಳನ್ನು ಗಾಳಿಗೆ ತೂರುತ್ತಿತ್ತು. ನಾವೆಲ್ಲ ಅದರ ಹಿಂದೆ ಓಡುತ್ತಿದ್ದೆವು. ಯಾರ ಮಗ, ಯಾವ ಜಾತಿ ಎಂದು ಜೀಪು ಕೇಳುತ್ತಿರಲಿಲ್ಲ. ಆ ಕರಪತ್ರದ ಕೆಳಗೆ ಊರಿನ ಬಟ್ಟೆಯಂಗಡಿಯ, ಹೋಟೆಲಿನ, ಸೋಡಾ ಫ್ಯಾಕ್ಟರಿಯ ಹೆಸರು ಇರುತ್ತಿತ್ತು. ಉರೂಸಿನ ಕರಪತ್ರಕ್ಕೂ ಅದೇ ಅಂಗಡಿಗಳು ದುಡ್ಡು ಕೊಡುತ್ತಿದ್ದವು. ಬೆಳ್ತಂಗಡಿ ತಾಲೂಕಿನ ಕಾಜೂರು ಉರೂಸಿಗಾಗಲಿ, ಧರ್ಮಸ್ಥಳದ ಲಕ್ಷದೀಪೋತ್ಸವಕ್ಕಾಗಲಿ, ಮೂಡುಬಿದಿರೆಯ ಕಂಬಳಕ್ಕಾಗಲಿ ಬಳೆ, ಬಲೂನು, ಮಂಡಕ್ಕಿ, ಐಸ್‌ಕ್ಯಾಂಡಿಯವರು ಹೋಗುತ್ತಿದ್ದರು. ಸಂತೆ ವ್ಯಾಪಾರಿಗೆ ಪಂಚಾಂಗವೂ ಬೇಕು, ಹಿಜರಿ ಕ್ಯಾಲೆಂಡರೂ ಬೇಕು. ಎರಡರಲ್ಲೂ ಅವನಿಗೆ ಹಬ್ಬಗಳಿದ್ದವು.

ಇನ್ನೊಂದು ಜಾಲವಿತ್ತು, ಯಾರೂ ಅದನ್ನು ಜಾಲವೆಂದು ಕರೆಯಲಿಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ಪಿಗ್ಮಿ ಕಲೆಕ್ಟರು ದಿನವೂ ಅಂಗಡಿಯಿಂದ ಅಂಗಡಿಗೆ ನಡೆಯುತ್ತಿದ್ದರು. ಚೀಲದಲ್ಲಿ ಚಿಲ್ಲರೆ, ಬಾಯಲ್ಲಿ ಸುದ್ದಿ. ಯಾರ ಮಗಳ ಮದುವೆ, ಯಾರಿಗೆ ಬಟ್ಟೆ ಬೇಕು, ಯಾರ ಮನೆ ಕೆಲಸ ನಿಂತಿದೆ ಎಂಬುದೆಲ್ಲ ಅವರಿಗೆ ಗೊತ್ತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಈಗ ಮೊಬೈಲು ನಮ್ಮ ಬೇಕುಬೇಡಗಳನ್ನು ಕದ್ದು ಕೇಳುತ್ತದೆಂದು ಜನ ಗಾಬರಿಯಾಗುತ್ತಾರೆ. ಪಿಗ್ಮಿಯವರು ಎದುರು ಕೂತು ಚಹಾ ಕುಡಿದೇ ಕೇಳುತ್ತಿದ್ದರು.

ನಮ್ಮ ಅಬ್ಬಾರದು ಪಾಣೆಮಂಗಳೂರಿನಲ್ಲಿ ಅತ್ತರು, ಟೋಪಿ, ತಸ್ಬೀಹ್, ಶಾಲಾ ಪುಸ್ತಕಗಳ ಪುಟ್ಟ ಅಂಗಡಿ. ಜಾಹೀರಾತೆಂದರೆ ವರ್ಷಕ್ಕೊಮ್ಮೆ ಅಚ್ಚು ಹಾಕಿಸುವ ರಮಝಾನ್ ಕಾರ್ಡು. ಮುಂಭಾಗದಲ್ಲಿ ಅಂಗಡಿಯ ಹೆಸರು, ಹಿಂಭಾಗದಲ್ಲಿ ಮೂವತ್ತು ದಿನಗಳ ಸಹರಿ, ಇಫ್ತಾರಿನ ವೇಳೆ. 1995ರಲ್ಲಿ ರಮಝಾನ್ ಫೆಬ್ರವರಿಯಲ್ಲಿ ಬಂದಿತ್ತು. ಕನ್ನಡವನ್ನು ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದರು. ಉರ್ದುವಿಗೆ ಮೊಳೆಯಿಲ್ಲ, ಕೈಯಲ್ಲಿ ಬರೆದು ಬ್ಲಾಕು ಮಾಡಿಸಬೇಕು. ಆ ಸಲ ಉರ್ದು ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ಎರಡು ರಾತ್ರಿ ಕೂತು ಬರೆದೆವು. ಕಾರ್ಡು ಬಂದಾಗ ಉರ್ದು ಸರಿಯಿತ್ತು. ಅಂಕಿಗಳಲ್ಲಿ ಮಾತ್ರ ಹದಿನೇಳನೆಯ ಸಾಲಿನಿಂದ ಒಂದು ಸಾಲು ಕೆಳಗೆ ಜಾರಿತ್ತು. ಪ್ರೆಸ್ಸಿನವರು ಕೈ ಚೆಲ್ಲಿದರು. ಕರಡು ನೋಡಿ ಒಪ್ಪಿಗೆ ಕೊಟ್ಟವರು ನೀವೇ ಎಂದರು. ಅದು ನಿಜವೂ ಆಗಿತ್ತು, ನೋಡಿದವರು ನಾವೇ. ಐನೂರು ಕಾರ್ಡು. ಅರ್ಧ ಆಗಲೇ ಹಂಚಿಯಾಗಿತ್ತು.

ಅಬ್ಬಾ ಬೈಯಲಿಲ್ಲ. ಸಂಜೆ ಅಂಗಡಿ ಮುಚ್ಚಿ ಕಪ್ಪು ಶಾಯಿಯ ಪೆನ್ನು ಹಿಡಿದು ಮನೆಮನೆಗೆ ಹೊರಟರು. 'ಕೊಟ್ಟ ಕಾರ್ಡು ಸ್ವಲ್ಪ ಕೊಡಿ, ಒಂದು ತಪ್ಪಿದೆ' ಎಂದು ಹೇಳಿ ಅಂಕಿ ತಿದ್ದಿ ಕೊಡುತ್ತಿದ್ದರು. ಮೆಲ್ಕಾರಿನವರೆಗೆ ನಡೆದರು, ಬಿ.ಸಿ. ರೋಡಿಗೆ ಬಸ್ಸಿನಲ್ಲಿ ಹೋದರು. ಆ ವರ್ಷ ಈದಿನ ವ್ಯಾಪಾರ ಹಿಂದೆಂದಿಗಿಂತ ಚೆನ್ನಾಯಿತು. ಕಾರ್ಡು ತಿದ್ದಲು ಮನೆಬಾಗಿಲಿಗೆ ಬಂದವರೆಂದು ಜನ ಹೇಳಿಕೊಂಡರಂತೆ. ಇದರಲ್ಲಿ ಅಬ್ಬಾರ ಉಪಾಯ ಏನೂ ಇರಲಿಲ್ಲ. ತಪ್ಪು ವೇಳೆಗೆ ಯಾರದಾದರೂ ರೋಝಾ ಕೆಟ್ಟರೆ ಎಂಬ ಭಯ ಮಾತ್ರ.

ಕಲ್ಲಡ್ಕದ ಚಹಾದ ಬಗ್ಗೆ ಹೇಳದಿದ್ದರೆ ಬಂಟ್ವಾಳ ತಾಲೂಕಿನ ಯಾವ ಕಥೆಯೂ ಪೂರ್ಣವಾಗದು. ಲಕ್ಷ್ಮೀ ನಿವಾಸ ಎಂಬ ಹೆದ್ದಾರಿ ಬದಿಯ ಹೋಟೆಲು, ಅಲ್ಲಿನ 'ಕೆ.ಟಿ.' ಅಂದರೆ ಕಲ್ಲಡ್ಕ ಟೀ. ಗ್ಲಾಸಿನಲ್ಲಿ ಕೆಳಗೆ ಸಕ್ಕರೆ ಬೆರೆಸಿದ ಬಿಳಿ ಹಾಲು, ಮೇಲೆ ಕಂದು ಡಿಕಾಕ್ಷನ್. ಸಕ್ಕರೆಯ ಹಾಲು ಭಾರ, ಡಿಕಾಕ್ಷನ್ ಹಗುರ. ಕೈ ನಡುಗದೆ ನಿಧಾನಕ್ಕೆ ಹೊಯ್ದರೆ ಎರಡೂ ಬೆರೆಯುವುದಿಲ್ಲ. ಗಿರಾಕಿ ಮೊದಲು ನೋಡುತ್ತಾನೆ, ಆಮೇಲೆ ಕಲಕುತ್ತಾನೆ. ನಮ್ಮ ತಿಳಿವಳಿಕೆಯ ಮಟ್ಟಿಗೆ ಈ ಚಹಾ ಕ್ಯಾಮರಾ ಮೊಬೈಲು ಹುಟ್ಟುವ ಎಷ್ಟೋ ದಶಕಗಳ ಮೊದಲೇ ಕ್ಯಾಮರಾಕ್ಕಾಗಿ ಕಾದು ನಿಂತಿದ್ದ ವಸ್ತು. ಲಾರಿ ಡ್ರೈವರುಗಳು, ಬಸ್ಸಿನ ಪ್ರಯಾಣಿಕರು ಅದರ ಹೆಸರನ್ನು ಬೆಂಗಳೂರಿಗೆ, ಮುಂಬಯಿಗೆ, ಗಲ್ಫಿಗೆ ಹೊತ್ತರು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಬಂದ ಮೇಲೆ ಆ ಎರಡು ಬಣ್ಣದ ಗ್ಲಾಸು ತಾನಾಗಿಯೇ ಓಡಾಡಿತು. ಈಗ ಕೆ.ಟಿ. ಎಂಬ ಬೋರ್ಡು ಊರೂರಲ್ಲಿದೆ. ಚಹಾದ ಜೊತೆ ಊರಿನ ಹೆಸರೂ ಸೇರಿಕೊಂಡದ್ದರಿಂದ ಎಲ್ಲಿ ಕುಡಿದರೂ ಕಲ್ಲಡ್ಕದ ನೆನಪು. ಇದೇ ಊರಿನ ಹೆಸರು ಪತ್ರಿಕೆಗಳಲ್ಲಿ ಕಲ್ಲು ತೂರಾಟದ, ಚೂರಿ ಇರಿತದ ಸುದ್ದಿಯ ತಲೆಬರಹವಾದದ್ದೂ ಉಂಟು. 2017ರ ಮೇ ಕೊನೆಯಿಂದ ಜುಲೈವರೆಗೆ ಬಂಟ್ವಾಳ ತಾಲೂಕಿನಲ್ಲಿ ನಿಷೇಧಾಜ್ಞೆ ಮುಂದುವರಿಯುತ್ತಲೇ ಹೋದಾಗ ಇಲ್ಲಿನ ಅಂಗಡಿಯವರು ಬಾಗಿಲು ಅರ್ಧ ಎಳೆದು ಕೂತ ದಿನಗಳನ್ನು ನಾವು ಕಂಡಿದ್ದೇವೆ. ಒಂದೇ ಹೆಸರು, ಎರಡು ಪದರ. ಆಮೇಲೆ ಹೆದ್ದಾರಿಯ ಮೇಲುಸೇತುವೆಯ ಕಾಮಗಾರಿ ವರ್ಷಗಟ್ಟಲೆ ಪೇಟೆಯನ್ನು ಧೂಳು, ಕೆಸರಿನಲ್ಲಿ ಅದ್ದಿಟ್ಟಾಗ, ಚಹಾ ಕುಡಿಯುವವರು ಅದನ್ನೂ ದಾಟಿ ಬಂದರು.

ಮೊಬೈಲಿನ ಇತಿಹಾಸ ಚಿಕ್ಕದು, ಬೇಗ ಹೇಳಿ ಮುಗಿಸಬಹುದು. 2004ರಲ್ಲಿ ಬಂದ ಆರ್ಕುಟ್ ನಮ್ಮ ಕಾಲೇಜು ಹುಡುಗರ ಆಟವಾಗಿತ್ತು, 2014ರಲ್ಲಿ ಮುಚ್ಚಿತು. ಅದರಿಂದ ಯಾರೂ ಒಂದು ಕಿಲೋ ಗೋಡಂಬಿ ಮಾರಿದಂತಿಲ್ಲ. ವಾಟ್ಸ್‌ಆ್ಯಪ್ 2009ರಲ್ಲಿ ಹುಟ್ಟಿತು, 2014ರಲ್ಲಿ ಫೇಸ್‌ಬುಕ್ ಕಂಪೆನಿ ಅದನ್ನು ಕೊಂಡಿತು. ನಮ್ಮ ಹಳ್ಳಿಗಳಿಗೆ ನಿಜವಾಗಿ ಬಾಗಿಲು ತೆರೆದದ್ದು 2016. ಆ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾಯಿತು. ಯುಪಿಐ ಅದೇ ವರ್ಷ ಬಂತು. ನವೆಂಬರಿನ ನೋಟು ರದ್ದತಿ ಜನರನ್ನು ಬಲವಂತದಿಂದ ಅದರ ಕಡೆಗೆ ದೂಡಿತು. 2017ರ ಫೆಬ್ರವರಿಯಲ್ಲಿ ಇಪ್ಪತ್ತನಾಲ್ಕು ಗಂಟೆ ಉಳಿಯುವ ಸ್ಟೇಟಸ್, 2018ರಲ್ಲಿ ವ್ಯಾಪಾರಿಗಳಿಗೆಂದೇ ಬೇರೆ ವಾಟ್ಸ್‌ಆ್ಯಪ್. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಮರುತಿಂಗಳೇ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಶುರುವಾಯಿತು. ತುಳು, ಬ್ಯಾರಿ ಭಾಷೆಯಲ್ಲಿ ಸರಕು ಹೊಗಳುವ ಹುಡುಗ ಹುಡುಗಿಯರು ಅಲ್ಲಿ ತುಂಬಿಕೊಂಡರು. ಪತ್ರಿಕೆಯೂ ಆಕಾಶವಾಣಿಯೂ ಬ್ಯಾರಿ ಭಾಷೆಯಲ್ಲಿ ಜಾಹೀರಾತು ಕೊಡು ಎಂದು ಯಾರನ್ನೂ ಕೇಳಿರಲಿಲ್ಲ. ಲಿಪಿಯ ಜಗಳವಿಲ್ಲದೆ ಬಾಯಿಮಾತು ಬಾಯಿಮಾತಾಗಿಯೇ ಪೇಟೆಗೆ ಬಂದದ್ದು ಸಣ್ಣ ಸಂಗತಿಯಲ್ಲ.

ಸ್ವಂತ ಉದ್ಯೋಗದ ಮಾತು ಮೊಬೈಲಿಗಿಂತ ಹಳೆಯದು. 1982ರಲ್ಲಿ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ರುಡ್‌ಸೆಟಿ ಸಂಸ್ಥೆ ಹುಟ್ಟಿತು. ಹೊಲಿಗೆ, ರಿಪೇರಿ, ಫೋಟೋಗ್ರಫಿ ಮುಂತಾದವನ್ನು ಕಲಿಸಿ, ಬ್ಯಾಂಕಿನ ಸಾಲಕ್ಕೆ ದಾರಿ ತೋರಿಸಿದ ಆ ಮಾದರಿಯನ್ನು ಮುಂದೆ ಕೇಂದ್ರ ಸರಕಾರ ದೇಶದ ಜಿಲ್ಲೆಗಳಿಗೆಲ್ಲ ಹರಡಿತು. ಕಸುಬು ಕಲಿತ ಹುಡುಗನಿಗೆ ಮುಂದಿನ ಪ್ರಶ್ನೆ ಒಂದೇ: ನಾನು ಇಲ್ಲಿದ್ದೇನೆಂದು ಯಾರಿಗೆ ಗೊತ್ತು? ಬೋರ್ಡು ಬರೆಸಲು ದುಡ್ಡು ಬೇಕು, ಮಾರ್ಗದ ಬದಿಯ ಅಂಗಡಿಗೆ ಮುಂಗಡ ಬೇಕು. ಮೊಬೈಲು ಆ ಮುಂಗಡವನ್ನು ಇಲ್ಲವಾಗಿಸಿತು. 2020ರ ಲಾಕ್‌ಡೌನಿನಲ್ಲಿ ಬೀಡಿ ಬ್ರಾಂಚುಗಳು ಮುಚ್ಚಿದ್ದಾಗ, ನಾವು ಬಲ್ಲ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಮೊದಲ ಬಾರಿಗೆ ಪತ್ತಿರ್, ಸಮೋಸಾ ಪಟ್ಟಿ, ಉಪ್ಪಿನಕಾಯಿ, ಹೊಲಿದ ಬುರ್ಖಾ, ಮೆಹಂದಿಯ ಕೋನುಗಳ ಚಿತ್ರ ಹಾಕಿದರು. ಬೀಡಿ ಕಟ್ಟಿದ ಅಜ್ಜಿಯ ಹೆಸರು ಲೇಬಲ್ಲಿನಲ್ಲಿರಲಿಲ್ಲ. ಮೊಮ್ಮಗಳು ಡಬ್ಬದ ಮೇಲೆ ತನ್ನ ಹೆಸರು ಅಂಟಿಸಿದಳು. ಮುಖ ತೋರಿಸದವರು ಕೈಯನ್ನಷ್ಟೇ ತೋರಿಸಿದರು. ಇದರ ಬಗ್ಗೆ ಮನೆಗಳಲ್ಲಿ ಮಾತುಕತೆಗಳಾದವು, ಕೆಲವು ಕಡೆ ಜಗಳಗಳೂ ಆದವು. ಪ್ರವಾದಿಯವರ ಪತ್ನಿ ಖದೀಜಾ ವ್ಯಾಪಾರಿಯಾಗಿದ್ದರೆಂದು ಪ್ರತಿ ಮಿಂಬರಿನಿಂದಲೂ ಹೇಳುವ ಸಮಾಜ, ತನ್ನ ಮನೆಯ ಹುಡುಗಿಯ ಫೋನ್ ನಂಬರು ಹೊರಗೆ ಹೋಯಿತೆಂದು ಹೌಹಾರಿದ್ದನ್ನು ನಾವು ನೋಡಿದ್ದೇವೆ. ಭಯ ಪೂರ್ತಿ ಸುಳ್ಳೂ ಅಲ್ಲ. ರಾತ್ರಿ ಹನ್ನೊಂದಕ್ಕೆ 'ಹಾಯ್' ಎಂದು ಬರುವ ಗಿರಾಕಿಗಳು ಸಮೋಸಾ ಪಟ್ಟಿ ಕೊಳ್ಳುವವರಲ್ಲ.

ಬಯಲಿಗೆ ಬಂದ ಹೆಸರಿಗೆ ಇನ್ನೊಂದು ಅಪಾಯವಿತ್ತು. 2022ರ ಮಾರ್ಚಿನಲ್ಲಿ ಉಡುಪಿ ಜಿಲ್ಲೆಯ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಇಲ್ಲವೆಂದಾಯಿತು. ಬಳಿಕ ಮೂಲ್ಕಿಯ ಬಪ್ಪನಾಡು, ಪುತ್ತೂರು ಮುಂತಾಗಿ ಜಾತ್ರೆಯಿಂದ ಜಾತ್ರೆಗೆ ಆ ಬ್ಯಾನರು ಹಬ್ಬಿತು. ಹಬ್ಬಿದ್ದು ಮೊಬೈಲಿನಲ್ಲೇ. ವಿಧಾನಸಭೆಯಲ್ಲಿ ಪ್ರಶ್ನೆ ಬಂದಾಗ ಸರಕಾರ, ಧಾರ್ಮಿಕ ದತ್ತಿಗಳ 2002ರ ನಿಯಮಗಳ 31(12)ನೆಯ ಅಂಶವನ್ನು ತೋರಿಸಿತು. ದೇವಾಲಯದ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆಂಬ ನಿಯಮವದು. ನಿಯಮ ಇಪ್ಪತ್ತು ವರ್ಷ ಹಳೆಯದು, ಬಲೂನು ಮಾರುವವನ ಮೇಲೆ ಅದನ್ನು ಪ್ರಯೋಗಿಸಿದ್ದು ಹೊಸದು. ಬಪ್ಪನಾಡಿನ ಹೆಸರು ಕೇಳಿದಾಗ ನಮಗೆ ಹೆಚ್ಚು ನೋವಾಯಿತು. ಅಲ್ಲಿನ ಐತಿಹ್ಯದಂತೆ ಶಾಂಭವಿ ನದಿಯಲ್ಲಿ ಹಡಗು ಕಟ್ಟಿಕೊಂಡು ನಿಂತ ವರ್ತಕ ಬಪ್ಪಬ್ಯಾರಿ ಆ ಗುಡಿಯನ್ನು ಕಟ್ಟಿಸಿದ. ಊರು ಅವನ ಹೆಸರನ್ನೇ ಹೊತ್ತಿದೆ. ವ್ಯಾಪಾರಿಯ ಹೆಸರು ಜಾತ್ರೆಯೊಳಗೆ ಹೋಗಬಹುದು, ವ್ಯಾಪಾರಿ ಹೋಗಬಾರದು! ಆಗಲೂ ಕೆಲವು ಕಡೆ ಊರವರೇ ಕರೆದು ಕೂರಿಸಿದರು, ಅದನ್ನೂ ಹೇಳಬೇಕು. 2024ರ ಜುಲೈಯಲ್ಲಿ ಉತ್ತರ ಪ್ರದೇಶದಲ್ಲಿ ಕಾವಡ್ ಯಾತ್ರೆಯ ದಾರಿಯ ತಿಂಡಿಯಂಗಡಿಗಳು ಮಾಲೀಕರ ಹೆಸರು ಬರೆದು ತೂಗುಹಾಕಬೇಕೆಂದು ಆದೇಶ ಬಂದಾಗ ಸುಪ್ರೀಂ ಕೋರ್ಟು 22ರಂದು ತಡೆ ಕೊಟ್ಟಿತು. ಹೆಂಚಿನ ಮೇಲೆ ತಾನಾಗಿ ಒತ್ತಿದ ಹೆಸರೂ ಇನ್ನೊಬ್ಬರು ಬಲವಂತದಿಂದ ಬರೆಸುವ ಹೆಸರೂ ಒಂದೇ ಅಲ್ಲ. ನಮ್ಮ ಪೇಟೆಗಳಲ್ಲಿ ಮುಸ್ಲಿಮರ ಅಂಗಡಿಗಳಿಗೆ ನ್ಯಾಷನಲ್, ಸಿಟಿ, ಭಾರತ್, ನ್ಯೂ ಎಂಬ ಹೆಸರುಗಳು ಅಷ್ಟೊಂದು ಯಾಕಿವೆ ಎಂದು ಹಿಂದೆ ನಾವು ತಮಾಷೆ ಮಾಡುತ್ತಿದ್ದೆವು. ಈಗ ಮಾಡುವುದಿಲ್ಲ.

ಅಂಗಡಿಯೇ ಮೊಬೈಲಿನಲ್ಲಿದ್ದರೆ ಅದನ್ನು ಮುಚ್ಚಲು ಬೀಗವೂ ಬೇಡ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸ್ ಗುಂಡಿಗೆ ಇಬ್ಬರು ಬಲಿಯಾದ ರಾತ್ರಿಯಿಂದ ಜಿಲ್ಲೆಯಲ್ಲಿ 48 ಗಂಟೆ ಮೊಬೈಲ್ ಇಂಟರ್‌ನೆಟ್ ನಿಂತಿತು. ಎರಡು ಸಾವಿನ ಮುಂದೆ ಎರಡು ದಿನದ ವ್ಯಾಪಾರ ದೊಡ್ಡದಲ್ಲ. ಆದರೆ ಮೂರು ವಾರಗಳ ಬಳಿಕ, 2020ರ ಜನವರಿ 10ರಂದು, ಕಾಶ್ಮೀರದ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಟರ್‌ನೆಟ್ಟಿನ ಮೂಲಕ ವ್ಯಾಪಾರ ಮಾಡುವುದಕ್ಕೂ ಸಂವಿಧಾನದ 19(1)(ಜಿ) ವಿಧಿಯ ರಕ್ಷಣೆಯಿದೆ ಎಂದಿತು. ಕಾಲಮಿತಿಯಿಲ್ಲದೆ ಇಂಟರ್‌ನೆಟ್ ನಿಲ್ಲಿಸುವಂತಿಲ್ಲ, ಆದೇಶವನ್ನು ಪ್ರಕಟಿಸಬೇಕು ಎಂದೂ ಹೇಳಿತು. ಪತ್ತಿರ್ ಮಾರುವ ಹುಡುಗಿಗೆ ಆ ತೀರ್ಪಿನ ವಿಷಯ ಗೊತ್ತಿರಲಾರದು. ಆದರೆ ಅದು ಅವಳದ್ದೂ ಹೌದು.

ಸರಕಾರ ಮಾತ್ರವಲ್ಲ, ಕಂಪೆನಿಯೂ ಬೀಗ ಹಾಕಬಹುದು. ನಮ್ಮ ತಂಗಿಯ ಮಗಳು ಮದುವೆಯಾಗಿ ಮೂಡುಬಿದಿರೆಯಲ್ಲಿದ್ದಾಳೆ. ಸಮೋಸಾ ಪಟ್ಟಿ, ಖರ್ಜೂರದ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಆಹಾರ ಸುರಕ್ಷೆಯ ನೋಂದಣಿಯನ್ನೂ ಮಾಡಿಸಿಕೊಂಡಿದ್ದಾಳೆ. 2006ರ ಕಾಯ್ದೆಯಂತೆ ಮನೆಯಲ್ಲಿ ಮಾಡಿ ಮಾರುವವರಿಗೂ ಅದು ಬೇಕೆಂದು ಬಹಳ ಜನರಿಗೆ ತಿಳಿದಿಲ್ಲ. ಎರಡು ವರ್ಷ ಬೆಳೆಸಿದ ಅವಳ ಪುಟವೊಂದು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಾಣೆಯಾಯಿತು. ಯಾವುದೋ ನಿಯಮ ಮುರಿದಿದ್ದಾಳಂತೆ. ಯಾವುದೆಂದು ಹೇಳುವ ಮನುಷ್ಯರು ಆ ಕಡೆ ಯಾರೂ ಇರಲಿಲ್ಲ. 'ಮಾಮೂ, ಯಾರಿಗೆ ಅರ್ಜಿ ಬರೆಯಬೇಕು?' ಎಂದು ನಮ್ಮನ್ನು ಕೇಳಿದಳು. ಪಂಚಾಯತಿಗೆ, ತಾಲೂಕು ಕಚೇರಿಗೆ ಅರ್ಜಿ ಬರೆದುಕೊಟ್ಟು ಪಳಗಿದ ಕೈ ನಮ್ಮದು. ಇದಕ್ಕೆ ವಿಳಾಸವೇ ಇರಲಿಲ್ಲ. ಗಿರಾಕಿಗಳ ನಂಬರುಗಳನ್ನು ಅವಳು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಳು. ಅದೊಂದು ಅವಳನ್ನು ಉಳಿಸಿತು. ಪುಸ್ತಕ ಹಿಡಿದು ಒಬ್ಬೊಬ್ಬರಿಗೇ ಫೋನು ಮಾಡಿದಳು, ಹತ್ತಿರದವರ ಮನೆಗೆ ನಡೆದೇ ಹೋದಳು. ಇದನ್ನು ಕೇಳಿದಾಗ ನಮಗೆ ಅವಳ ನಾನಾರ ಕಪ್ಪು ಶಾಯಿಯ ಪೆನ್ನು ನೆನಪಾಯಿತು. ಅವಳು ಅವರನ್ನು ಕಂಡವಳಲ್ಲ.

ಹೊಸ ಪುಟಕ್ಕೆ ಅವಳು ಅವರ ಹಳೆಯ ಅಂಗಡಿಯ ಹೆಸರನ್ನೇ ಇಟ್ಟಿದ್ದಾಳೆ. ಅಂಗಡಿ ಮುಚ್ಚಿ ವರ್ಷಗಳಾದವು. ಪಾಣೆಮಂಗಳೂರಿನ ಹಿರಿಯರೊಬ್ಬರು ದುಬೈಯಲ್ಲಿರುವ ಮಗನ ಮೊಬೈಲಿನಿಂದ, 'ಇದು ಆ ಅತ್ತರಿನ ಅಂಗಡಿಯವರದ್ದೇ?' ಎಂದು ಕೇಳಿ ಬರೆಸಿದರಂತೆ. ರಮಝಾನಿಗೆ ಮುಂಚೆ ಸಹರಿ, ಇಫ್ತಾರಿನ ವೇಳಾಪಟ್ಟಿಯನ್ನು ಅವಳು ಚಿತ್ರವಾಗಿ ಮಾಡಿ ಗಿರಾಕಿಗಳಿಗೆಲ್ಲ ಕಳುಹಿಸುತ್ತಾಳೆ. ಉರ್ದುವೂ ಕನ್ನಡವೂ ಈಗ ಮೊಬೈಲಿನಲ್ಲೇ ಟೈಪಾಗುತ್ತದೆ, ಬ್ಲಾಕು ಮಾಡಿಸಬೇಕಾಗಿಲ್ಲ. ಕಳುಹಿಸುವ ಮೊದಲು ಕರಡು ನಮಗೆ ಬಂತು. ರಾತ್ರಿ ಕೂತು ಮಸೀದಿಯ ಪಟ್ಟಿಯ ಜೊತೆ ಸಾಲುಸಾಲಾಗಿ ಎರಡು ಸಲ ತಾಳೆ ನೋಡಿದೆವು. ಇಪ್ಪತ್ತಮೂರನೆಯ ದಿನದ ಇಫ್ತಾರಿನಲ್ಲಿ ಒಂದು ನಿಮಿಷ ತಪ್ಪಿತ್ತು. ತಿದ್ದಿ ಕಳುಹಿಸಿದೆವು.